ಅಪ್ಪ ಮಂಕಾಗಿದ್ದಾರೆ, ಇದು ಬರೀ ವಯಸ್ಸಿನ ಪ್ರಭಾವವಾ?

ನಿಮ್ಮ ತಂದೆಗೆ 72 ವರ್ಷ. ತಾಯಿ ತೀರಿಕೊಂಡು ಒಂದು ವರ್ಷವಾದರೂ ಮಾತು ಕಮ್ಮಿ, ಮರೆವು ಜಾಸ್ತಿ, ಯಾವಾಗಲೂ ಮೈಕೈ ನೋವು ಅಂತಾರೆ, ವಯಸ್ಸಾದ ಮೇಲೆ ಇದೆಲ್ಲ ಸಹಜ ತಾನೇ ಅಂತ ಕೇಳಿದ್ದೀರಿ. ದಯವಿಟ್ಟು ಹಾಗಂದುಕೊಂಡು ಸುಮ್ಮನಿರಬೇಡಿ. ನಾವು ಸುಮ್ಮನಿದ್ದು ಒಂದೂವರೆ ವರ್ಷ ಕಳೆದುಕೊಂಡೆವು.

ನಮ್ಮ ಅಮ್ಮನಿಗೆ ಪದಬಂಧ ಅಂದ್ರೆ ಪ್ರಾಣ. ಪೇಪರ್ ಬಂದ ತಕ್ಷಣ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಒಂದು ದಿನ ಹಳೇ ಪೇಪರ್ ರಾಶಿ ತೆಗೆದು ನೋಡಿದೆ. ಕೆಲವದರಲ್ಲಿ ಎರಡು ಮೂರು ಮನೆ ತುಂಬಿಸಿ ಬಿಟ್ಟಿದ್ದರು. ಆಮೇಲಿನವೆಲ್ಲ ಪೂರ್ತಿ ಖಾಲಿ. ಕೇಳಿದ್ದಕ್ಕೆ, "ತಲೆ ಓಡಲ್ಲ ಕಣೋ, ಏನೂ ನೆನಪಿರಲ್ಲ" ಅಂದರು. ಬೇಜಾರು ಅನ್ನೋ ಮಾತು ಒಂದು ದಿನವೂ ಅವರ ಬಾಯಲ್ಲಿ ಬಂದಿರಲಿಲ್ಲ. ಮಂಡಿ ನೋವು, ನಿದ್ದೆಯಿಲ್ಲ, ಊಟ ಸೇರಲ್ಲ, ಇಷ್ಟೇ.

ಇಳಿವಯಸ್ಸಿನ ಖಿನ್ನತೆ ಎಷ್ಟೋ ಸಲ ಹೀಗೆ ಮೈನೋವಾಗಿಯೇ ಕಾಣಿಸಿಕೊಳ್ಳುತ್ತೆ. ಮರೆವೂ ಅದರ ಜೊತೆ ಬರಬಹುದು. ಅದಕ್ಕೇ ಡಾಕ್ಟರ್ ಹತ್ತಿರ ಹೋದಾಗ ನೆನಪಿನ ಪರೀಕ್ಷೆಯ ಜೊತೆ ಥೈರಾಯ್ಡ್, ವಿಟಮಿನ್ ಬಿ12 ಕೂಡ ನೋಡಲು ಹೇಳಿ. ಈಗ ತಗೊಳ್ತಿರೋ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ, ಕೆಲವು ಮಾತ್ರೆಗಳಿಂದಲೂ ಮಂಕು ಕವಿಯುತ್ತೆ.

ಖಿನ್ನತೆ ಇದೆಯಾ ಅಂತ ನೋಡೋಕೆ ವಯಸ್ಸಾದವರಿಗೆಂದೇ 15 ಪ್ರಶ್ನೆಗಳ ಒಂದು ಪಟ್ಟಿ 1986ರಿಂದ ಇದೆ. ಹೌದು, ಇಲ್ಲ ಅಂದ್ರೆ ಸಾಕು. ಬದುಕು ತೃಪ್ತಿ ಕೊಟ್ಟಿದೆಯಾ ಅನ್ನೋದೇ ಮೊದಲ ಪ್ರಶ್ನೆ. ಅದನ್ನು ಕೇಳಿದಾಗ ಅಮ್ಮ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಉತ್ತರ ಬರಲಿಲ್ಲ. ನನಗೆ ಅವತ್ತೇ ಅರ್ಥವಾಗಿದ್ದು.

ಇನ್ನೊಂದು, ಕಿವಿ ಪರೀಕ್ಷೆ ಮಾಡಿಸಿ. ಅಮ್ಮನಿಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಪದೇ ಪದೇ "ಏನು?" ಅನ್ನೋಕೆ ಸಂಕೋಚ. ಹಾಗಾಗಿ ಗೆಳತಿಯರಿಗೆ ಫೋನ್ ಮಾಡೋದೇ ಬಿಟ್ಟಿದ್ದರು. ಅವರಿಗೆ ಯಾರೂ ಬೇಡ ಅಂತ ನಾವು ತಿಳಿದಿದ್ದೆವು. ಕಿವಿಗೆ ಮೆಷಿನ್ ಹಾಕಿಸಿದ ಮೇಲೆ ಮಾತು ನಿಧಾನವಾಗಿ ವಾಪಸ್ ಬಂತು.

ಡಾಕ್ಟರ್ ಖಿನ್ನತೆಗೆ ಮಾತ್ರೆ ಕೊಟ್ಟರೆ ಗುಣ ಕಾಣೋಕೆ ನಾಲ್ಕಾರು ವಾರ ಬೇಕು, ಈ ವಯಸ್ಸಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗಬಹುದು. ನಡುವೆ ನೀವಾಗೇ ನಿಲ್ಲಿಸಬೇಡಿ. ಈ ಮಾತ್ರೆಗಳಿಂದ ಕೆಲವರಿಗೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದನ್ನು ಪರೀಕ್ಷೆ ಮಾಡಬೇಕಾ ಅಂತ ಡಾಕ್ಟರನ್ನೇ ಕೇಳಿ.

ತಾಯಿ ಹೋದ ದುಃಖಕ್ಕೆ ಅವಸರ ಮಾಡೋಕಾಗಲ್ಲ, ಒಪ್ಪುತ್ತೇನೆ. ಆದರೆ "ನಾನು ಯಾಕಾದ್ರೂ ಇದ್ದೀನೋ" ಅಂತೇನಾದರೂ ಅಂದರೆ ಮಾತು ಮರೆಸಬೇಡಿ. ಪಕ್ಕದಲ್ಲಿ ಕೂತು, ಸಾಯಬೇಕು ಅನ್ನಿಸ್ತಿದೆಯಾ ಅಪ್ಪ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.