ಬಲ್ಬ್ ಬದಲಿಸುವ ಮೊದಲು ತಂತಿ ನೋಡಿ

ದೇವಿಮನೆ ಘಟ್ಟದಲ್ಲಿ ಮಳೆಯ ರಾತ್ರಿ ರಸ್ತೆಯೇ ಕಾಣುವುದಿಲ್ಲ, ಹನ್ನೊಂದು ವರ್ಷದ ಕಾರಿನ ಹೆಡ್‌ಲೈಟಿಗೆ 100/90 (ಹೈ ಬೀಮ್/ಲೋ ಬೀಮ್) ವ್ಯಾಟ್‌ನ ಎಚ್4 ಮಾದರಿಯ ಹ್ಯಾಲೊಜೆನ್ ಬಲ್ಬ್ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಕುಮಟಾದಿಂದ ಶಿರಸಿಗೆ ಹತ್ತುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿದರೆ ಬಲ್ಬಿನ ಹೋಲ್ಡರ್ ಕಂದು ತಿರುಗಿ, ಬಿಸಿಲಿಗಿಟ್ಟ ಜೋನಿ ಬೆಲ್ಲದಂತೆ ಇಳಿದಿತ್ತು. ಕಾರಿಗೆ ಮೊದಲಿನಿಂದ ಇರುವ 60 ವ್ಯಾಟ್‌ನ ಬಲ್ಬ್ ಸುಮಾರು 5 ಆಂಪಿಯರ್ ಎಳೆದರೆ 100 ವ್ಯಾಟ್‌ನದು 8ಕ್ಕೂ ಹೆಚ್ಚು ಎಳೆಯುತ್ತದೆ. ಹಳೆಯ ಸಪೂರ ತಂತಿ ಅದನ್ನು ತಾಳಿಕೊಳ್ಳುವುದಿಲ್ಲ.

ಎಂಜಿನ್ ಚಾಲೂ ಇಟ್ಟು, ದೀಪ ಉರಿಸಿ, ಬ್ಯಾಟರಿಯಲ್ಲಿಯೂ ಹೋಲ್ಡರಿನಲ್ಲಿಯೂ ವೋಲ್ಟೇಜ್ ಅಳೆಸಿ. ಹತ್ತರಲ್ಲೊಂದು ಪಾಲು ವೋಲ್ಟೇಜ್ ಸೋರಿದರೆ ಹ್ಯಾಲೊಜೆನ್ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಸಮೇತ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ವೈರಿಂಗ್ ಹಾಕಿಸಿ, ಅದೇ 60/55ರ ಒಳ್ಳೆಯ ಬಲ್ಬ್ ಹಾಕಿ. ನನಗೆ ನಿಜವಾದ ವ್ಯತ್ಯಾಸ ಕಂಡದ್ದು ಅದರಿಂದಲೇ. ಕಾರು ಕರಾವಳಿಯಲ್ಲಿ ನಿಲ್ಲುವುದಾದರೆ ಅರ್ಥಿಂಗ್ ತಂತಿಯ ತುದಿಯನ್ನೂ ನೋಡಿ, ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಜಿಡ್ಡು ತಾಗಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.

ನೀಲಿ ಛಾಯೆಯ ಬಲ್ಬ್ ಶೋಕಿಗೆ ಸರಿ, ಘಟ್ಟಕ್ಕಲ್ಲ. ಆ ಲೇಪವೇ ಬೆಳಕನ್ನು ತಿನ್ನುತ್ತದೆ. ಹ್ಯಾಲೊಜೆನ್ ಬಲ್ಬಿಗೆಂದೇ ಮಾಡಿದ ದೀಪದ ಬುಡ್ಡೆಯೊಳಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ದೀಪದ ಮೇಲಿನ ಹೊದಿಕೆ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಆಮೇಲೆ ಗೋಡೆಯೆದುರು ಕಾರು ನಿಲ್ಲಿಸಿ ದೀಪದ ಎತ್ತರ ಸರಿಮಾಡಿಸಿಕೊಳ್ಳಿ.