ಕಾಲ್ಚೆಂಡು: ಕೇಳಿದ್ದು, ಹೇಳಿದ್ದು

ಪ್ರಶ್ನೆ: ಎದುರಾಳಿಗಳ ಎಡ ವಿಂಗರ್ (ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು) ಭಾರೀ ವೇಗದವನು. ಅವನ ಮೇಲೆ ಇಬ್ಬರನ್ನು ಬಿಟ್ಟೆವು. ಅವನು ಗೋಲು ಹೊಡೆಯಲಿಲ್ಲ, ಆದರೆ ಇನ್ನೊಂದು ಬದಿಯಿಂದ ಎರಡು ಗೋಲು ತಿಂದೆವು. ಎಲ್ಲಿ ತಪ್ಪಿತು?
— ಓದುಗರು, ಉಪ್ಪಳ

ಉತ್ತರ: ಇಬ್ಬರನ್ನು ಬಿಟ್ಟದ್ದಲ್ಲ, ಅವನಿಗೆ ಚೆಂಡು ಕೊಡುವವನನ್ನು ಸುಮ್ಮನೆ ಬಿಟ್ಟದ್ದು ತಪ್ಪು. ಹೆಚ್ಚಾಗಿ ಅದು ಅವರ ಎಡ ಬ್ಯಾಕ್, ಅಂದರೆ ಎಡಬದಿಯಲ್ಲಿ ಗೋಲು ಕಾಯುವ ಹಿಂದಿನ ಸಾಲಿನವನು. ತಲೆ ಎತ್ತಿ ನೋಡಲು ಅವನಿಗೆ ಪುರುಸೊತ್ತು ಸಿಕ್ಕರೆ, ನಿಮ್ಮವರೆಲ್ಲ ಒಂದೇ ಬದಿಗೆ ಸರಿದದ್ದು ಕಂಡು ಚೆಂಡನ್ನು ಆಚೆಗೆ ಎತ್ತಿ ಹಾಕುತ್ತಾನೆ. ನಿಮ್ಮ ಬಲ ವಿಂಗರ್ ಮೊದಲು ಆ ಎಡ ಬ್ಯಾಕ್ ಮೇಲೆ ಓಡಲಿ. 40 ಮೀಟರ್ ದೂರಕ್ಕೆ ಹೊಡೆಯಲು ಕಾಲು ಬೀಸುವಷ್ಟು ಜಾಗ ಬೇಕು. ಆ ಜಾಗ ಕೊಡಬೇಡಿ.

ಇನ್ನು ನಿಮ್ಮ ಬಲ ಬ್ಯಾಕ್‌ನ ಕೆಲಸ. ವಿಂಗರ್ ನಿಮ್ಮ ಗೋಲಿಗೆ ಬೆನ್ನು ಹಾಕಿರುವಾಗ ಮೈಗೆ ಅಂಟಿಕೊಂಡೇ ನಿಲ್ಲಬೇಕು. ತಿರುಗಿದನೋ, ಒಂದೂವರೆ-ಎರಡು ಮೀಟರ್ ಬಿಟ್ಟು, ಮೈ ಓರೆ ಮಾಡಿ ಹಿಂದೆ ಸರಿಯಬೇಕು. ಕಾಲು ಚಾಚಿದರೆ ಕೆಟ್ಟಿತು. ವಿಂಗರ್ ಬಲಗಾಲಿನವನಾದರೆ ಅಂಚಿನ ಗೆರೆಯತ್ತ ತಳ್ಳಿ, ಎಡಗಾಲಿನವನಾದರೆ ಒಳಗೆ, ನಿಮ್ಮ ಎರಡನೆಯವನತ್ತ. ಆ ಎರಡನೆಯವನು ಪಕ್ಕದಲ್ಲಲ್ಲ, 4-5 ಮೀಟರ್ ಹಿಂದೆ, ಒಳಬದಿಗೆ ನಿಲ್ಲಬೇಕು. ಸಾಲಾಗಿ ನಿಂತ ಇಬ್ಬರನ್ನು ಅವನು ಒಂದೇ ಓಟದಲ್ಲಿ ದಾಟುತ್ತಾನೆ.

ಆಚೆ ಬದಿಯ ಬ್ಯಾಕ್ ದೂರದ ಗೋಲುಕಂಬದ ನೇರಕ್ಕೆ ಬರಲಿ. ಅಲ್ಲಿನ ವಿಂಗರ್ ಒಂಟಿಯಾಗುತ್ತಾನೆ. ಆಗಲಿ, ಏನನ್ನಾದರೂ ಬಿಟ್ಟುಕೊಡಲೇಬೇಕಲ್ಲ. ಎತ್ತಿ ಹೊಡೆದ ಚೆಂಡು ಅಲ್ಲಿಗೆ ತಲುಪಲು ಎರಡು ಸೆಕೆಂಡಾದರೂ ಬೇಕು, ಅಷ್ಟರಲ್ಲಿ ಬ್ಯಾಕ್ ಹತ್ತು ಮೀಟರ್ ಓಡಿಯಾನು.

ಪ್ರಶ್ನೆ: ನಡುವೆ ನಿಂತು ಆಟ ಆಡಿಸುವವನಿಗೆ ಒಬ್ಬನನ್ನು ಅಂಟಿಸಿಬಿಟ್ಟರೆ ಸಾಕೇ?
— ಓದುಗರು, ಕುಂಬಳೆ

ಉತ್ತರ: ಅಂಟುವವನು ಸರಿಯಾಗಿದ್ದರೆ ಸಾಕು. 2010ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೋಚ್ ಅಲೆಕ್ಸ್ ಫರ್ಗುಸನ್, ಆಟ ಆಡಿಸುವುದರಲ್ಲಿ ಪಳಗಿದ ಎ.ಸಿ. ಮಿಲಾನ್‌ನ ಪಿರ್ಲೋ ಬೆನ್ನಿಗೆ ಪಾರ್ಕ್ ಜಿ-ಸುಂಗ್‌ರನ್ನು ಬಿಟ್ಟರು. ಯುನೈಟೆಡ್ 4-0ಯಿಂದ ಗೆದ್ದಿತು, ಪಾರ್ಕ್ ತಾವೂ ಒಂದು ಗೋಲು ಹೊಡೆದರು. ಪಾರ್ಕ್ ಡಿಫೆಂಡರ್ ಅಲ್ಲ, ದಣಿವರಿಯದ ಓಟಗಾರ. ನೀವೂ ಅಂಥವನನ್ನೇ ಆರಿಸಿ. 1982ರ ವಿಶ್ವಕಪ್‌ನಲ್ಲಿ ಮರಡೋನಾರನ್ನು ಇಟಲಿಯ ಜೆಂಟೀಲೆ ಎಳೆದು, ತಳ್ಳಿ ತಡೆದ ಬಗೆ ಮಾತ್ರ ಬೇಡ. ಈಗಿನ ರೆಫ್ರಿ ಅರ್ಧ ಗಂಟೆಯಲ್ಲೇ ಹೊರಗೆ ಕಳಿಸುತ್ತಾರೆ.

ಆದರೆ ಆಟ ಆಡಿಸುವವನು ಜಾಣನಾದರೆ ಬೇಕೆಂದೇ ಗೆರೆಯತ್ತ ಹೋಗುತ್ತಾನೆ, ನಿಮ್ಮವನು ಹಿಂದೆಯೇ ಹೋಗುತ್ತಾನೆ, ನಡುವೆ ದಾರಿ ತೆರೆಯುತ್ತದೆ. ಹಾಗಾಗಿ ಮೊದಲೇ ಗಡಿ ಹೇಳಿಡಿ: ಅವನು ತನ್ನ ಬ್ಯಾಕ್‌ಗಳ ಸಾಲಿಗೆ ಇಳಿದರೆ ನಮ್ಮ ಸ್ಟ್ರೈಕರ್ ನೋಡಿಕೊಳ್ಳುತ್ತಾನೆ, ಗೆರೆಯತ್ತ ಹೋದರೆ ನಮ್ಮ ವಿಂಗರ್.

ಪ್ರಶ್ನೆ: ತಂಡಕ್ಕೆ ಏಳೇ ಮಂದಿ ಆಡುವ ಸೆವೆನ್ಸ್‌ನಲ್ಲಿ ಬಲಿಷ್ಠ ತಂಡದೆದುರು ಎಲ್ಲರೂ ಹಿಂದೆ ನಿಂತರೆ ಆಗದೇ?
— ಓದುಗರು, ಮಂಜೇಶ್ವರ

ಉತ್ತರ: 2010ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಕೋಚ್ ಮೊರಿನ್ಯೋ ಅವರ ಇಟಲಿಯ ತಂಡ ಇಂಟರ್ ಹತ್ತೇ ಮಂದಿಯಲ್ಲಿ ಬಾರ್ಸಿಲೋನಾವನ್ನು ಹಾಗೆ ತಡೆಯಿತು. 1-0ಯಿಂದ ಸೋತರೂ ಎರಡು ಪಂದ್ಯಗಳ ಆ ಸೆಮಿಫೈನಲ್ಲಿನ ಮೊದಲ ಪಂದ್ಯದ 3-1 ಗೆಲುವು ಕೈಯಲ್ಲಿದ್ದ ಕಾರಣ ಫೈನಲ್ ಸೇರಿತು. ನಿಮ್ಮದು ಒಂದೇ ಮ್ಯಾಚು, ಗೋಲು ಹೊಡೆಯದೆ ಗೆಲುವಿಲ್ಲ. ಒಬ್ಬನನ್ನು ಮುಂದೆ ಬಿಡಿ. ಕೂಟದಲ್ಲಿ ಆಫ್‌ಸೈಡ್ (ಎದುರಾಳಿ ಬ್ಯಾಕ್‌ಗಳ ಬೆನ್ನ ಹಿಂದೆ ಚೆಂಡಿಗಾಗಿ ಕಾದು ನಿಲ್ಲದಂತೆ ತಡೆಯುವ ನಿಯಮ) ಇಲ್ಲದಿದ್ದರೆ ಅವರ ಗೋಲಿನ ಹತ್ತಿರವೇ ನಿಲ್ಲಿಸಿ. ಅವನನ್ನು ಕಾಯಲು ಅವರ ಇಬ್ಬರಾದರೂ ಹಿಂದೆ ಉಳಿಯುತ್ತಾರೆ.