ಸಂತೆಯಿಂದ ತಂದ ಕೋಳಿಯನ್ನು ತಿಂಗಳು ಬೇರೆ ಇಡಬೇಕೇ? ಒಮ್ಮೆ ಹೇನಿನ ಪುಡಿ ಹಾಕಿದರೆ ಸಾಲದೇ?

ಬೇರೆ ಇಡಲೇಬೇಕು. ಪುಡಿಯೂ ಒಂದು ಸಲಕ್ಕೆ ಸಾಲದು.

ಕಾರಣ ಮೊಟ್ಟೆ. ಹೇಂಟೆಯ ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ಬುಡದಲ್ಲಿ ಉಪ್ಪು ಅಂಟಿದ ಹಾಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ಹೇನಿನ ಮೊಟ್ಟೆ. ಪುಡಿ ಓಡಾಡುವ ಹೇನನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ವಾರದೊಳಗೆ ಅವು ಒಡೆಯುತ್ತವೆ. ಆ ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ, ಅಂದರೆ 7ರಿಂದ 10 ದಿನಕ್ಕೆ, ಇನ್ನೊಮ್ಮೆ ಹಾಕಬೇಕು.

ಹೊಟ್ಟೆಹುಳದ್ದೂ ಅದೇ ಕತೆ. ನೀರಿಗೆ ಬೆರೆಸಿ ಕೊಡುವ ಪೈಪರಜೀನ್ ಬೆಳೆದ ದುಂಡುಹುಳವನ್ನು ಹೊರಹಾಕುತ್ತದೆ, ಕರುಳಿನ ಗೋಡೆಗೆ ಹೊಕ್ಕ ಮರಿಹುಳ ಉಳಿದುಬಿಡುತ್ತದೆ. ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಕೊಡಬೇಕು, ಪ್ರಮಾಣ ಪಶುವೈದ್ಯರನ್ನು ಕೇಳಿ. ಅಷ್ಟರಲ್ಲಿ ಕೋಳಿಯನ್ನು ತೋಟಕ್ಕೆ ಬಿಟ್ಟಿರೋ, ಹಿಕ್ಕೆಯಲ್ಲಿ ಬಿದ್ದ ಹುಳದ ಮೊಟ್ಟೆಗೆ ನಮ್ಮ ಉಡುಪಿ ಕಡೆಯ ಬೆಚ್ಚನೆಯ ಒದ್ದೆ ಮಣ್ಣು ಹೇಳಿ ಮಾಡಿಸಿದ ಜಾಗ. ಕೋಳಿಗೆ ಔಷಧಿ ಕುಡಿಸಬಹುದು, ತೋಟಕ್ಕೆ ಕುಡಿಸಲಾಗುತ್ತದೆಯೇ?

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದ ಮೇಲೆ ಮದ್ದಿಲ್ಲ. ಮೊದಲೇ ಹಾಕಿಸುವ ಲಸಿಕೆ ಮಾತ್ರ. ಸೋಂಕು ತಗುಲಿದ ಕೋಳಿ ಕೆಲವೊಮ್ಮೆ ಎರಡು ವಾರದವರೆಗೂ ಚುರುಕಾಗಿಯೇ ಕೆದಕುತ್ತಿರುತ್ತದೆ. ನಾನೂ ಒಮ್ಮೆ ಆ ಚುರುಕು ನೋಡಿಯೇ ಮೋಸಹೋದವನು.

ಇನ್ನೊಂದು: ದಿನಾ ಹಳೆಯ ಕೋಳಿಗಳಿಗೆ ಮೊದಲು ಕಾಳು ಹಾಕಿ, ಹೊಸದರ ಹತ್ತಿರ ಕೊನೆಗೆ ಹೋಗಿ. ಚಪ್ಪಲಿಗೆ ಅಂಟಿದ ಹಿಕ್ಕೆಯೂ ರೋಗ ಹೊರುತ್ತದೆ.